ಹಾಜರಿದ್ದೂ ಗೈರುಹಾಜರಾದವಳ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು,
ಕಾಲೇಜು ಶಿಕ್ಷಣ ಇಲಾಖೆಯ ಆಯುಕ್ತರು,
ಮತ್ತು ರಾಜ್ಯದ ಎಲ್ಲ ಪದವಿ ಕಾಲೇಜುಗಳ ಪ್ರಾಂಶುಪಾಲರು

ವಿಷಯ: ಜನರ ಎದುರು ಮಾತಾಡಲು ಹೆದರಿ ತರಗತಿಯಿಂದ ದೂರ ಉಳಿಯುವ ವಿದ್ಯಾರ್ಥಿಗಳ ಬಗ್ಗೆ

ಮಾನ್ಯರೇ,

ನಾನು ಮಧ್ಯ ಕರ್ನಾಟಕದ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಹಳ್ಳಿಯಿಂದ ದಿನಾ ಬಸ್ ಪಾಸಿನಲ್ಲಿ ಓಡಾಡುವವಳು. ಕಾಲೇಜಿನ ಹೆಸರು ಬರೆಯುತ್ತಿಲ್ಲ. ಬೇರೆ ಬೇರೆ ಊರುಗಳಲ್ಲಿ ಓದುವ ಗೆಳತಿಯರ ಜೊತೆ ಮಾತಾಡಿದ ಮೇಲೆ ಇದು ನಮ್ಮ ಕಾಲೇಜೊಂದರ ಸಂಗತಿ ಅಲ್ಲ ಎಂಬುದು ಖಾತ್ರಿಯಾಗಿದೆ. ಯಾರನ್ನೋ ಕಟಕಟೆಗೆ ನಿಲ್ಲಿಸಬೇಕೆಂದು ಈ ಪತ್ರ ಬರೆಯುತ್ತಿಲ್ಲ. ಆದರೆ ನನ್ನ ಅಪ್ಪ ಒಂದು ದಿನ ವಿಭಾಗ ಮುಖ್ಯಸ್ಥರ ಮೇಜಿನ ಎದುರು ಕೈಕಟ್ಟಿ ನಿಂತಿದ್ದನ್ನು ನಾನು ಮರೆತಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೂರನೇ ಸೆಮಿಸ್ಟರ್ ಮುಗಿಯಲು ಹದಿನೈದು ದಿನ ಇರುವಾಗ ಕಚೇರಿ ಎದುರಿನ ನೋಟಿಸ್ ಬೋರ್ಡಿಗೆ ಹಾಜರಾತಿ ಕೊರತೆಯ ಪಟ್ಟಿ ಅಂಟಿಸಿದರು. ಅದರಲ್ಲಿ ನನ್ನ ಹೆಸರಿತ್ತು. ಹೆಸರಿನ ಪಕ್ಕ ರಿಜಿಸ್ಟರ್ ನಂಬರ್, ಅದರ ಪಕ್ಕ ಶೇಕಡಾ 51. ಬೇಕಿದ್ದದ್ದು 75. ಪೋಷಕರನ್ನು ಕರೆತಂದು ತಪ್ಪೊಪ್ಪಿಗೆ ಪತ್ರ ಬರೆದುಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕೆಳಗೆ ಬರೆದಿತ್ತು. ಅಪ್ಪ ಒಂದು ದಿನದ ಕೂಲಿ ಬಿಟ್ಟು ಬಂದರು. "ನಿಮ್ಮ ಮಗಳು ಕಾಲೇಜಿಗೆ ಅಂತ ಮನೆ ಬಿಟ್ಟು ಎಲ್ಲಿಗೆ ಹೋಗ್ತಾಳೆ ಅಂತ ಮೊದಲು ವಿಚಾರಿಸ್ಕೊಳ್ಳಿ" ಎಂದರು ಮುಖ್ಯಸ್ಥರು. ಅಷ್ಟೇ ಮಾತು. ಹಳ್ಳಿಯಿಂದ ಒಬ್ಬಳೇ ಬಸ್ ಹತ್ತಿ ಬರುವ ಹುಡುಗಿಯ ಮನೆಯಲ್ಲಿ ಆ ಮಾತು ಏನೇನು ಮಾಡುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಆಡಿದರೋ ಕಾಣೆ. ಊರಿಗೆ ಹೋಗುವ ತನಕ ಅಪ್ಪ ಒಂದೂ ಮಾತಾಡಲಿಲ್ಲ. ಓದು ಬಿಡಿಸಿ ಗಂಡು ನೋಡುವ ಮಾತು ಆ ವಾರವೇ ಮನೆಯಲ್ಲಿ ಬಂತು. ನನ್ನಿಂದ ಬರೆಸಿಕೊಂಡ ತಪ್ಪೊಪ್ಪಿಗೆಯಲ್ಲಿ "ಇನ್ನು ಮುಂದೆ ಅಶಿಸ್ತಿನಿಂದ ವರ್ತಿಸುವುದಿಲ್ಲ" ಎಂಬ ವಾಕ್ಯವನ್ನು ಗುಮಾಸ್ತರೇ ಹೇಳಿ ಬರೆಸಿದರು.

ನಾನು ಎಲ್ಲಿಗೆ ಹೋಗುತ್ತಿದ್ದೆ ಎಂದು ಆ ದಿನ ನನ್ನನ್ನೇ ಯಾರೂ ಕೇಳಲಿಲ್ಲ. ಈಗ ಹೇಳುತ್ತೇನೆ.

ಬಸ್ ನಿಲ್ದಾಣಕ್ಕೆ. ಎಂಟೂಕಾಲಿನ ಬಸ್ಸಿಗೆ ಊರಿಂದ ಹೊರಟು, ನಿಲ್ದಾಣದಲ್ಲಿ ಇಳಿದು, ಕಾಲೇಜಿನ ಗೇಟಿನ ತನಕ ಹೋಗಿ, ಅಲ್ಲಿಂದ ವಾಪಸ್ ಬಂದು, ಕೊನೆಯ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದೆ. ಅಲ್ಲಿಂದ ಹೊರಡುವ ಬಸ್ಸುಗಳು ಕಡಿಮೆ, ಹಾಗಾಗಿ ಜನವೂ ಕಡಿಮೆ. ಮಧ್ಯಾಹ್ನ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಬ್ಯಾಗಿನೊಳಗೇ ತೆರೆದು, ಯಾರೂ ನೋಡದಂತೆ ಬಗ್ಗಿ ತಿನ್ನುತ್ತಿದ್ದೆ. ನಾಲ್ಕೂವರೆ ಬಸ್ಸಿಗೆ ಮನೆಗೆ. ಅಷ್ಟು ಹೊತ್ತೂ ಪುಸ್ತಕ ಓದುತ್ತಿದ್ದೆ, ಸುಳ್ಳಲ್ಲ. ಆ ಸೆಮಿಸ್ಟರಿನ ಥಿಯರಿಯಲ್ಲಿ ನನಗೆ ಒಳ್ಳೆಯ ಅಂಕಗಳೇ ಬಂದವು. ಓದಲು ಇಷ್ಟವಿಲ್ಲದವಳು ಅಂಥ ಗದ್ದಲದ ಜಾಗದಲ್ಲಿ ಕೂತು ಓದುತ್ತಾಳೆಯೇ, ತಾವೇ ಹೇಳಿ.

ಹಾಗಾದರೆ ಗೇಟಿನೊಳಗೆ ಏನಿತ್ತು? ಹೊರಗಿನವರಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಹಾಜರಿ ಕೂಗುವುದನ್ನೇ ತೆಗೆದುಕೊಳ್ಳಿ. ನನ್ನ ಕ್ರಮಸಂಖ್ಯೆ 43. ಮೇಷ್ಟ್ರು 1ರಿಂದ ಶುರು ಮಾಡುತ್ತಾರೆ. 25 ದಾಟುವಾಗ ಅಂಗೈ ಒದ್ದೆಯಾಗುತ್ತದೆ. 35ಕ್ಕೆ ನಾಲಗೆ ಒಣಗಿ ಅಂಗುಳಕ್ಕೆ ಅಂಟುತ್ತದೆ. ಅಷ್ಟರಲ್ಲಿ ಮನಸ್ಸಿನಲ್ಲೇ "ಯೆಸ್ ಸರ್" ಎಂದು ಹತ್ತಾರು ಸಲ ಹೇಳಿಕೊಂಡಿರುತ್ತೇನೆ, ಯಾವ ದನಿಯಲ್ಲಿ ಹೇಳಬೇಕು ಎಂದು ಲೆಕ್ಕ ಹಾಕಿರುತ್ತೇನೆ. 43 ಎಂದಾಗ ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ. ಅಥವಾ ಬಂದರೂ ಪಕ್ಕದವಳಿಗೆ ಮಾತ್ರ ಕೇಳುವಷ್ಟು. ಮೇಷ್ಟ್ರು ತಲೆ ಎತ್ತದೆ ಗೈರುಹಾಜರಿ ಹಾಕಿ 44 ಎನ್ನುತ್ತಾರೆ. ತರಗತಿಯಲ್ಲಿ ಕೂತೇ ನಾನು ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ತರಗತಿ ಮುಗಿದ ಮೇಲೆ ಹೋಗಿ ಹೇಳಬಹುದಿತ್ತಲ್ಲ ಎಂದು ಕೇಳಬಹುದು. ಬೆಂಚಿನಲ್ಲಿ ಕೂತು ಎರಡು ಪದ ಹೇಳಲಾಗದವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಹತ್ತು ಜನ ಅಧ್ಯಾಪಕರು ತಿರುಗಿ ನೋಡುತ್ತಿರುವಾಗ "ಸರ್, ನಾನು ಬಂದಿದ್ದೆ" ಎಂದು ಹೇಗೆ ಹೇಳಿಯಾಳು?

ಎರಡನೇ ಸೆಮಿಸ್ಟರಿನಲ್ಲಿ ಒಮ್ಮೆ ಸೆಮಿನಾರಿಗೆ ನನ್ನ ಹೆಸರು ಬಂತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ದಿನದಿಂದ ಎಲ್ಲವೂ ಇಂಗ್ಲಿಷ್. ಓದಿದರೆ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ, ಬಾಯಲ್ಲಿ ಮಾತ್ರ ನಿಲ್ಲುವುದಿಲ್ಲ. ಮೂರನೇ ವಾಕ್ಯದಲ್ಲಿ ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದೆ. ಹಿಂದಿನ ಸಾಲಿನ ಹುಡುಗರು ಆ ಪದವನ್ನು ನನ್ನ ಹಾಗೆಯೇ ಎರಡು ಸಲ ಹೇಳಿದರು. ಮೇಷ್ಟ್ರೂ ನಕ್ಕರು. ನಾನು ಹಾಳೆ ಹಿಡಿದುಕೊಂಡು ನಿಂತೇ ಇದ್ದೆ. ಹಾಳೆ ಅಲುಗುವ ಸದ್ದು ನನಗೆ ಕೇಳುತ್ತಿತ್ತು. "ಹೋಗಮ್ಮ, ಪ್ರಿಪೇರ್ ಆಗಿ ಬಾ" ಎಂದರು. ಪ್ರಿಪೇರ್ ಆಗಿಯೇ ಬಂದಿದ್ದೆ ಸರ್. ಒಂಬತ್ತು ದಿನ ದನದ ಕೊಟ್ಟಿಗೆಯಲ್ಲಿ ನಿಂತು ಬಾಯಿಪಾಠ ಮಾಡಿದ್ದೆ.

ಮಾರನೇ ದಿನ ಕಾಲೇಜಿಗೆ ಹೋಗಲಿಲ್ಲ. ಆಗ ಆದ ನೆಮ್ಮದಿ ಎಂಥದ್ದೆಂದು ಬರೆದು ತಿಳಿಸಲಾರೆ. ಎದೆಯ ಮೇಲಿನ ಚಪ್ಪಡಿ ಇಳಿಸಿಟ್ಟ ಹಾಗೆ. ಅದರ ಮಾರನೇ ದಿನ ಹೋಗುವುದು ಇನ್ನೂ ಕಷ್ಟವಾಯಿತು, ಏಕೆಂದರೆ ಈಗ ನಿನ್ನೆ ಏಕೆ ಬರಲಿಲ್ಲ ಎಂಬ ಪ್ರಶ್ನೆಯೂ ಸೇರಿಕೊಂಡಿತ್ತು. ನಮ್ಮ ಕಡೆ ಮೀಟರ್ ಬಡ್ಡಿ ಎಂದರೆ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಸಾಲ ಕೈಗೆ ಬಂದಾಗ ಜೀವ ಬಂದಂತಾಗುತ್ತದೆ, ಸಂಜೆಯಿಂದಲೇ ಬಡ್ಡಿ ಓಡಲು ಶುರುವಾಗುತ್ತದೆ. ತಪ್ಪಿಸಿಕೊಳ್ಳುವುದೂ ಹಾಗೆಯೇ. ಒಂದು ದಿನ ಹೋಗದಿದ್ದರೆ ಆ ದಿನದ ಭಯ ಹೋಗುತ್ತದೆ, ನಾಳೆಯ ಭಯ ಎರಡಾಗುತ್ತದೆ. ಓಡಿಬಂದದ್ದರಿಂದಲೇ ಬದುಕಿದೆ ಎಂದು ದೇಹ ನಂಬಿಬಿಡುತ್ತದೆ. ಓಡದೆ ನಿಂತಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ತಿಳಿದುಕೊಳ್ಳುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಆ ವರ್ಷದ ವಿದ್ಯಾರ್ಥಿವೇತನವೂ ಹೀಗೆಯೇ ಹೋಯಿತು. ಕಚೇರಿಯ ಕಿಟಕಿಯಲ್ಲಿ ಕೇಳಿ ಒಂದು ವ್ಯಾಸಂಗ ಪ್ರಮಾಣಪತ್ರ ಪಡೆಯಬೇಕಿತ್ತು. ನಾಲ್ಕು ದಿನ ಹೋದೆ. ಕಿಟಕಿಯ ಎದುರು ಸದಾ ಗುಂಪು, ಒಳಗಿನವರು ಏರುದನಿಯಲ್ಲಿ ಮಾತಾಡುವವರು. ಎದುರಿನ ಬೇವಿನ ಮರದ ಕೆಳಗೆ ನಿಂತು ಜನ ಕರಗಲಿ ಎಂದು ಕಾದು, ಕರಗಿದಾಗ ಊಟದ ಹೊತ್ತಾಗಿ ಕಿಟಕಿ ಮುಚ್ಚಿ, ವಾಪಸ್ ಬರುತ್ತಿದ್ದೆ. ಕೊನೆಯ ದಿನಾಂಕ ದಾಟಿತು. ಮನೆಯಲ್ಲಿ "ಇನ್ನೂ ಬಂದಿಲ್ಲ" ಎಂದು ಒಂದು ವರ್ಷ ಸುಳ್ಳು ಹೇಳಿದೆ. ಆ ಹಣ ಬಂದಿದ್ದರೆ ಅಮ್ಮ ಸಂಘದಲ್ಲಿ ಸಾಲ ಎತ್ತಬೇಕಾಗಿರಲಿಲ್ಲ.

ಇದಕ್ಕೊಂದು ಹೆಸರಿದೆ ಎಂದು ನನಗೆ ಇಪ್ಪತ್ತನೇ ವಯಸ್ಸಿನ ತನಕ ಗೊತ್ತಿರಲಿಲ್ಲ. ಸಾಮಾಜಿಕ ಆತಂಕ, ಅಂದರೆ ಸೋಷಿಯಲ್ ಆಂಕ್ಸೈಟಿ. ಅಮೆರಿಕದ ಮನೋವೈದ್ಯರ ಸಂಘ ಇದನ್ನು ತನ್ನ ರೋಗಪಟ್ಟಿಯಲ್ಲಿ ಸೇರಿಸಿದ್ದು 1980ರಲ್ಲಿ. ಹೆಚ್ಚಿನವರಿಗೆ ಇದು ಹರೆಯದಲ್ಲೇ ಶುರುವಾಗುತ್ತದೆ. ನಾಚಿಕೆ ಬೇರೆ, ಇದು ಬೇರೆ. ನಾಚಿಕೆಯ ಹುಡುಗಿ ಹೊಸಬರ ಎದುರು ಹಿಂಜರಿದರೂ ಸ್ವಲ್ಪ ಹೊತ್ತಿಗೆ ಹೊಂದಿಕೊಳ್ಳುತ್ತಾಳೆ. ಇಲ್ಲಿ ಭಯ ತಿಂಗಳುಗಟ್ಟಲೆ ಇಳಿಯುವುದಿಲ್ಲ, ಓದು, ಊಟ, ಹಣಕಾಸು ಎಲ್ಲದರೊಳಗೂ ಕೈಹಾಕುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಇದರ ಒಳಗುಟ್ಟನ್ನು ವಿವರಿಸಿದ್ದಾರೆ. ಅದನ್ನು ತಿಳಿದಾಗ ನನ್ನನ್ನೇ ನೋಡಿ ಹೇಳಿದ ಹಾಗಿತ್ತು. ಭಯಪಟ್ಟವರ ಗಮನ ಎದುರಿನವರ ಮೇಲಿರುವುದಿಲ್ಲ, ತಮ್ಮ ಮೇಲೇ ತಿರುಗಿಬಿಟ್ಟಿರುತ್ತದೆ. ನನ್ನ ದನಿ ನಡುಗುತ್ತಿದೆಯೇ, ಮುಖ ಕೆಂಪಾಯಿತೇ, ಕೈ ಎಲ್ಲಿಡಲಿ ಎಂದು ಒಳಗೆ ನೋಡುತ್ತಿರುವಾಗ ಮೇಷ್ಟ್ರು ಕೇಳಿದ ಪ್ರಶ್ನೆ ಕಿವಿಗೆ ಬೀಳುವುದೇ ಇಲ್ಲ. ಉತ್ತರ ಗೊತ್ತಿದ್ದವಳೂ ಪೆದ್ದಿಯಂತೆ ನಿಲ್ಲುವುದು ಹೀಗೆ.

ಮನೆಯವರಿಗೆ ಇದು ಏಕೆ ಗೊತ್ತಾಗಲಿಲ್ಲ ಎಂದರೆ, ನಮ್ಮಲ್ಲಿ ಮಾತಾಡದ ಹುಡುಗಿಯನ್ನು ಜನ ಹೊಗಳುತ್ತಾರೆ. "ಬಂಗಾರದಂಥ ಮಗು, ತಲೆ ಎತ್ತಿ ನೋಡಲ್ಲ" ಎಂದು ಮದುವೆ ಮನೆಗಳಲ್ಲಿ ನೆಂಟರು ಅಮ್ಮನಿಗೆ ಹೇಳುವುದನ್ನು ಕೇಳುತ್ತಲೇ ಬೆಳೆದೆ. ತಲೆ ಎತ್ತಿ ನೋಡದಿರುವುದು ಗುಣವೆಂದು ಎಲ್ಲರೂ ಅಂದುಕೊಂಡಿದ್ದರಿಂದ ಅದು ಸಂಕಟವಾಗಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಹುಡುಗರ ಪಾಡು ಇನ್ನೊಂದು ಥರ, ಅವರನ್ನು ಹೆಣ್ಣಿಗ ಎನ್ನುತ್ತಾರೆ. ಮೇಲಾಗಿ ನಮ್ಮದು ಕೊರೊನಾ ಕಾಲದ ಎಸ್ಸೆಸ್ಸೆಲ್ಸಿ ಬ್ಯಾಚು. 2021ರ ಜನವರಿ 1ಕ್ಕೆ ಶಾಲೆ ತೆರೆಯುವ ತನಕ ಮನೆಯಲ್ಲೇ ಇದ್ದೆವು. ಆ ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ, ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಬರೆದು ಪಾಸಾದೆವು. ಹದಿನೈದು ಹದಿನಾರರ ವಯಸ್ಸಿನಲ್ಲಿ ನಾಲ್ಕು ಜನರ ಎದುರು ಬಾಯಿ ತೆರೆಯುವ ಅಭ್ಯಾಸ ಆಗಬೇಕಿದ್ದ ವರ್ಷ ನಮಗೆ ಹಾಗೆ ಕಳೆದುಹೋಯಿತು. ನನ್ನ ತೊಂದರೆಗೆ ಅದೇ ಕಾರಣ ಎನ್ನುತ್ತಿಲ್ಲ. ನಮ್ಮ ಬ್ಯಾಚಿನವರ ಮೌನವನ್ನು ನೋಡುವಾಗ ಅದನ್ನೂ ನೆನಪಿಡಿ ಎಂದು ಕೇಳುತ್ತಿದ್ದೇನೆ.

ನನ್ನನ್ನು ಗೇಟಿನೊಳಗೆ ವಾಪಸ್ ಕರೆತಂದದ್ದು ನೋಟಿಸ್ ಬೋರ್ಡಲ್ಲ, ತಪ್ಪೊಪ್ಪಿಗೆ ಪತ್ರವೂ ಅಲ್ಲ. ಸಸ್ಯಶಾಸ್ತ್ರದ ಒಬ್ಬ ಅತಿಥಿ ಉಪನ್ಯಾಸಕಿ. ನಾಲ್ಕನೇ ಸೆಮಿಸ್ಟರಿನಲ್ಲಿ ಲ್ಯಾಬ್ ರೆಕಾರ್ಡ್‌ಗಳನ್ನು ತಿದ್ದುವಾಗ ಅವರಿಗೆ ಒಂದು ವಿಚಿತ್ರ ಕಂಡಿತಂತೆ. ರೆಕಾರ್ಡಿನಲ್ಲಿ ಚಿತ್ರಗಳೆಲ್ಲ ಪೂರ್ತಿಯಾಗಿವೆ, ಭಾಗಗಳನ್ನೆಲ್ಲ ಗುರುತಿಸಲಾಗಿದೆ, ಆದರೆ ಹುಡುಗಿ ಪ್ರತಿ ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನವೂ ಗೈರು. ರೆಕಾರ್ಡ್ ನನ್ನ ಕೈಗೆ ವಾಪಸ್ ಬಂದಾಗ ಪತ್ರರಂಧ್ರದ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: "ಚಿತ್ರ ತುಂಬಾ ಚೆನ್ನಾಗಿದೆ. ಏನಾದರೂ ಹೇಳಬೇಕು ಅನಿಸಿದರೆ ಇಲ್ಲೇ ಬರೆದುಕೊಡಿ. ಬಂದು ಹೇಳಬೇಕಾಗಿಲ್ಲ." ಕೊನೆಯ ನಾಲ್ಕು ಪದಗಳನ್ನು ಎಷ್ಟು ಸಲ ಓದಿದೆನೋ. ಬಂದು ಹೇಳಬೇಕಾಗಿಲ್ಲ ಎಂದದ್ದಕ್ಕೇ ನನಗೆ ಹೇಳಲು ಸಾಧ್ಯವಾಯಿತು. ಮೂರು ಪುಟ ಬರೆದು ರೆಕಾರ್ಡಿನೊಳಗಿಟ್ಟು ಕೊಟ್ಟೆ.

ಅವರು ನನ್ನನ್ನು ಕರೆದು ಉಪದೇಶ ಮಾಡಲಿಲ್ಲ. ಮುಂದಿನ ತರಗತಿಯಲ್ಲಿ "ಹಾಜರಿಗೆ ಬೇಕಾದವರು ಕೈ ಎತ್ತಬಹುದು" ಎಂದು ಎಲ್ಲರಿಗೂ ಹೇಳಿದರು. ಎರಡು ವಾರ ಕೈ ಎತ್ತಿದೆ. ಆಮೇಲೆ ಒಂದು ದಿನ ದನಿಯೂ ಬಂತು. ಸೆಮಿನಾರನ್ನು ಮೊದಲು ಲ್ಯಾಬಿನಲ್ಲಿ ಅವರೊಬ್ಬರ ಎದುರು ಮಾಡಿಸಿದರು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಆಮೇಲೆ ನಮ್ಮ ಮೇಜಿನ ಮೂವರ ಎದುರು. ಆಮೇಲೆ ಹದಿನಾಲ್ಕು ಜನರ ಲ್ಯಾಬ್ ಬ್ಯಾಚಿನ ಎದುರು. ಸೆಮಿಸ್ಟರಿನ ಕೊನೆಗೆ ಇಡೀ ತರಗತಿಯ ಎದುರು. ಅವತ್ತೂ ದನಿ ನಡುಗಿತು, ಒಂದು ಕಡೆ ಮುಂದಿನದು ಮರೆತು ನಿಂತೆ. ಅವರು ಕಾದರು. ತರಗತಿಯೂ ಕಾಯಿತು. ನೆನಪಾಯಿತು, ಮುಗಿಸಿದೆ.

ಮ್ಯಾಡಮ್ ಒಂದು ಚೀಟಿಯಲ್ಲಿ 14416 ಎಂದು ಬರೆದುಕೊಟ್ಟಿದ್ದರು. ಅದು ಟೆಲಿ-ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ವ್ಯವಸ್ಥೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರ. ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡುವುದೇ ನನಗೆ ದೊಡ್ಡ ಭಯ, ಆದ್ದರಿಂದ ಮೂರು ಸಲ ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ನಾಲ್ಕನೇ ಸಲ ಆ ಕಡೆಯವರು "ನಿಧಾನಕ್ಕೆ ಹೇಳಿ, ಅವಸರ ಇಲ್ಲ" ಎಂದರು. ಅವರ ಸಲಹೆಯಂತೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋದೆ. ಅಲ್ಲಿಯ ಮನಶ್ಶಾಸ್ತ್ರಜ್ಞರು ನನ್ನ ಭಯಗಳಿಗೆಲ್ಲ ಸೊನ್ನೆಯಿಂದ ನೂರರ ತನಕ ಅಂಕ ಹಾಕಿಸಿ ಒಂದು ಏಣಿ ಬರೆಸಿದರು. ಬಸ್ಸಿನಲ್ಲಿ ಕಂಡಕ್ಟರಿಗೆ ಟೈಮ್ ಎಷ್ಟಾಯಿತು ಎಂದು ಕೇಳುವುದು, 20. ಜೆರಾಕ್ಸ್ ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟಿದ್ದೀರಿ ಎನ್ನುವುದು, 45. ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ತಿನ್ನುವುದು, 60. ಕೆಳಗಿನ ಮೆಟ್ಟಿಲಿನಲ್ಲಿ ಭಯ ತಾನಾಗಿ ಇಳಿಯುವ ತನಕ ನಿಲ್ಲಬೇಕು, ಆಮೇಲೆ ಮುಂದಿನದು. ಮ್ಯಾಡಮ್ ಲ್ಯಾಬಿನಲ್ಲಿ ತಮ್ಮ ತಿಳಿವಳಿಕೆಯಿಂದಲೇ ಮಾಡಿದ್ದೂ ಇದನ್ನೇ ಎಂದು ಆಗ ಅರ್ಥವಾಯಿತು. ಕೆಲವರಿಗೆ ಔಷಧಿಯೂ ಬೇಕಾಗುತ್ತದೆ, ಅದನ್ನು ವೈದ್ಯರು ನೋಡಿ ನಿರ್ಧರಿಸುತ್ತಾರೆ. ಒಟ್ಟಿನಲ್ಲಿ ಇದು ಗುಣವಾಗುವ ಕಾಯಿಲೆ.

ಒಂದು ಮಾತು ಸೇರಿಸಲೇಬೇಕು. ನನಗಾಗಿ ಇಷ್ಟು ಸಮಯ ಕೊಟ್ಟವರು ಕಾಲೇಜಿನಲ್ಲಿ ಎಲ್ಲರಿಗಿಂತ ಅಭದ್ರವಾದ ಕೆಲಸದಲ್ಲಿದ್ದವರು. ಮುಂದಿನ ವರ್ಷ ತಮ್ಮನ್ನು ಮತ್ತೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ. ಈಗ ಅವರು ನಮ್ಮ ಕಾಲೇಜಿನಲ್ಲಿಲ್ಲ. ನನ್ನಂಥವರ ಗತಿ ಹೀಗೆ ಒಬ್ಬರ ಒಳ್ಳೆಯತನದ ಮೇಲೆ ನಿಂತಿರಬಾರದು ಎಂದೇ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಮಾನ್ಯರೇ, ಕಾನೂನು ಇಲ್ಲದೆ ಹೀಗಾಗುತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರದ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೆ ಅನ್ವಯಿಸುವ ಹದಿನೈದು ಮಾರ್ಗಸೂಚಿಗಳನ್ನು ಕೊಟ್ಟಿತು. ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠದ ಆದೇಶವದು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಸಹಾಯವಾಣಿಯ ಸಂಖ್ಯೆಯನ್ನು ತರಗತಿ, ಹಾಸ್ಟೆಲ್‌ಗಳಲ್ಲಿ ಎದ್ದು ಕಾಣುವಂತೆ ಬರೆಸಬೇಕು. ನಮ್ಮ ಕಾಲೇಜಿನಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದೇವೆ. ಆಪ್ತಸಮಾಲೋಚಕರಿಲ್ಲ. 14416 ಎಂಬ ಸಂಖ್ಯೆಯನ್ನು ನಾನು ಕಾಲೇಜಿನ ಯಾವ ಗೋಡೆಯ ಮೇಲೂ ನೋಡಿಲ್ಲ.

ಮಾರ್ಗದರ್ಶಕ ಅಧ್ಯಾಪಕರ ಪುಸ್ತಕವೊಂದಿದೆ, ನಿಜ. ಪ್ರತಿ ತಿಂಗಳು ನಮ್ಮೊಂದಿಗೆ ಮಾತಾಡಿ ಕಷ್ಟಸುಖ ವಿಚಾರಿಸಿದ್ದಾಗಿ ಅದರಲ್ಲಿ ದಾಖಲಾಗಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಒಂದೇ ಬೆಂಚಿನ ಮೇಲೆ ಕೂರಿಸಿ ಎರಡು ವರ್ಷದ ಸಹಿಗಳನ್ನು ನಮ್ಮಿಂದ ಒಟ್ಟಿಗೆ ಹಾಕಿಸಿಕೊಂಡರು. ನನ್ನ ಪುಟದಲ್ಲಿ, ನಾನು ಬಸ್ ನಿಲ್ದಾಣದಲ್ಲಿದ್ದ ತಿಂಗಳ ಎದುರು, "ಯಾವುದೇ ಸಮಸ್ಯೆ ಇಲ್ಲ" ಎಂದಿತ್ತು. ಅದರ ಕೆಳಗೆ ನಾನೇ ಸಹಿ ಮಾಡಿದೆ. ಬೇಡ ಎನ್ನುವ ಧೈರ್ಯ ಆಗಲೂ ಬರಲಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ. 1980ರ ದಶಕದಲ್ಲಿ ಅಲ್ಲಿ ನಡೆದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಏರ್ಪಾಡು ನಮ್ಮ ರಾಜ್ಯದಲ್ಲಿದೆ. ನಮ್ಮ ಕಾಲೇಜಿನಿಂದ ಜಿಲ್ಲಾ ಆಸ್ಪತ್ರೆಗೆ ನಡೆದೇ ಹೋಗಬಹುದು. ಹಾಗೆ ಹೋಗಬಹುದೆಂದು ನಮ್ಮಲ್ಲಿ ಒಬ್ಬ ವಿದ್ಯಾರ್ಥಿಗಾದರೂ ಕಾಲೇಜು ಹೇಳಿದ್ದು ನನಗೆ ಗೊತ್ತಿಲ್ಲ.

ಇನ್ನು ನನ್ನ ಕೋರಿಕೆಗಳು. ಮೊದಲನೆಯದಾಗಿ, ನಾನು ವಿನಾಯಿತಿ ಕೇಳುತ್ತಿಲ್ಲ. ಸೆಮಿನಾರ್ ಬೇಡ, ವೈವಾ ಬೇಡ, ಹಾಜರಾತಿಯ ನಿಯಮ ಸಡಿಲಿಸಿ ಎನ್ನುತ್ತಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಮಾತಾಡುವುದರಿಂದ ನನ್ನನ್ನು ಪೂರ್ತಿ ಬಿಟ್ಟುಬಿಟ್ಟಿದ್ದರೆ ಅದೂ ಇನ್ನೊಂದು ಮೀಟರ್ ಬಡ್ಡಿ ಸಾಲವಾಗುತ್ತಿತ್ತು, ತೀರಿಸುವವಳು ಮುಂದೆ ಕೆಲಸದ ಸಂದರ್ಶನಕ್ಕೆ ಹೋಗಬೇಕಾದ ನಾನೇ. ನಾನು ಕೇಳುವುದು ಮೆಟ್ಟಿಲು. ಒಬ್ಬರ ಎದುರು, ನಾಲ್ವರ ಎದುರು, ಹದಿನಾಲ್ಕು ಜನರ ಎದುರು, ಆಮೇಲೆ ತರಗತಿಯ ಎದುರು. ಮೊದಲ ಮೆಟ್ಟಿಲುಗಳಲ್ಲಿ ಕನ್ನಡಕ್ಕೆ ಜಾಗವಿರಲಿ. ಆಂತರಿಕ ಅಂಕ ಕೊಡುವಾಗ ವಿಷಯ ತಿಳಿದಿದೆಯೇ ಎಂದು ನೋಡಿ, ದನಿ ನಡುಗಿದ್ದಕ್ಕೆ ಕಳೆಯಬೇಡಿ. ವಿದ್ಯಾರ್ಥಿ ಮಾತಾಡುತ್ತಿರುವಾಗ ಅಣಕಿಸುವವರನ್ನು ಅಲ್ಲೇ ತಡೆಯಿರಿ. ಅಧ್ಯಾಪಕರೇ ನಕ್ಕರೆ ಆಮೇಲೆ ತಡೆಯುವವರು ಯಾರೂ ಉಳಿಯುವುದಿಲ್ಲ.

ಹಾಜರಾತಿ ಕೊರತೆಯನ್ನು ಸೆಮಿಸ್ಟರಿನ ಕೊನೆಗೆ ಬೋರ್ಡಿಗೆ ಅಂಟಿಸುವ ಬದಲು, ಒಬ್ಬ ವಿದ್ಯಾರ್ಥಿ ಸತತವಾಗಿ ಒಂದು ವಾರ ಕಾಣದಿದ್ದಾಗಲೇ ಒಬ್ಬರು ಒಂದು ಸಂದೇಶ ಕಳಿಸಲಿ. "ಎಲ್ಲಿದ್ದೀಯಮ್ಮ, ಆರೋಗ್ಯವೇ?" ಎಂದು ಕೇಳಿದರೂ ಸಾಕು. ಪೋಷಕರನ್ನು ಕರೆಸುವ ಮೊದಲು ವಿದ್ಯಾರ್ಥಿಯನ್ನು ಒಬ್ಬರೇ ಇರುವಾಗ ಕೇಳಿ. ಮಾತಾಡಲು ಆಗದಿದ್ದರೆ ಬರೆದುಕೊಡಲು ಹೇಳಿ. ವಾರಗಟ್ಟಲೆ ತಪ್ಪಿಸಿಕೊಂಡವರು ವಾಪಸ್ ಬಂದ ದಿನ "ಓಹೋ, ಬಂದ್ರಲ್ಲ ಮಹಾರಾಣಿ" ಎಂದು ತರಗತಿಯಲ್ಲಿ ಸ್ವಾಗತಿಸಬೇಡಿ. ಆ ಒಂದು ಮಾತಿಗೆ ಹೆದರಿ ಮತ್ತೆ ಒಂದು ತಿಂಗಳು ಹೋಗದೆ ಕೂತವಳು ನಾನು.

ಆಪ್ತಸಮಾಲೋಚಕರ ನೇಮಕ ಸಚಿವರೇ ನೋಡಬೇಕಾದ ವಿಷಯ. ಇರುವ ಅಧ್ಯಾಪಕರಲ್ಲೇ ಒಬ್ಬರಿಗೆ ಹೆಚ್ಚುವರಿ ಹೊಣೆ ಕೊಟ್ಟು ಬೋರ್ಡ್ ತೂಗುಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ನಮ್ಮ ಆಂತರಿಕ ಅಂಕ ಯಾರ ಕೈಯಲ್ಲಿದೆಯೋ ಅವರ ಎದುರು ಯಾರೂ ಮನಸ್ಸು ಬಿಚ್ಚುವುದಿಲ್ಲ. ಪ್ರತಿ ಕಾಲೇಜಿಗೆ ಒಬ್ಬರನ್ನು ಕೊಡಲು ತಡವಾಗುವುದಾದರೆ, ಅಲ್ಲಿಯವರೆಗೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ವಾರಕ್ಕೊಂದು ದಿನ ಕಾಲೇಜಿಗೆ ಬರುವಂತೆ ಆರೋಗ್ಯ ಇಲಾಖೆಯ ಜೊತೆ ಏರ್ಪಾಡು ಮಾಡಿ. ಅವರು ಕೂರುವ ಕೋಣೆ ಸ್ಟಾಫ್ ರೂಮಿನ ಪಕ್ಕ ಬೇಡ, ಯಾರು ಒಳಗೆ ಹೋದರು ಎಂದು ಕಾರಿಡಾರಿಗೆಲ್ಲ ಕಾಣುವಂತೆಯೂ ಬೇಡ. ಗ್ರಂಥಾಲಯದ ಒಳಗಿನ ಒಂದು ಮೂಲೆಯಾದರೂ ಸಾಕು. ಸಮಯ ಗೊತ್ತುಮಾಡಿಕೊಳ್ಳಲು ಫೋನ್ ಮಾಡಬೇಕು ಎಂದಿಡಬೇಡಿ. ಚೀಟಿಯೋ ಸಂದೇಶವೋ ಕಳಿಸುವಂತಿರಲಿ. ಕಚೇರಿಯ ಕಿಟಕಿಗೂ ಇದೇ ಮಾತು. ಪ್ರಮಾಣಪತ್ರಕ್ಕೆ ಅರ್ಜಿ ಬರೆದು ಪೆಟ್ಟಿಗೆಗೆ ಹಾಕಿ ಮಾರನೇ ದಿನ ಪಡೆಯುವ ಸಣ್ಣ ವ್ಯವಸ್ಥೆ ಇದ್ದಿದ್ದರೆ ನನ್ನ ಒಂದು ವರ್ಷದ ವಿದ್ಯಾರ್ಥಿವೇತನ ಉಳಿಯುತ್ತಿತ್ತು. ಮತ್ತೆ, ಆ ಐದು ಅಂಕಿಗಳ ಸಂಖ್ಯೆಯನ್ನು ಪ್ರವೇಶಪತ್ರದ ಹಿಂಬದಿಯಲ್ಲಿ, ಶೌಚಾಲಯದ ಗೋಡೆಯಲ್ಲಿ, ಹಾಸ್ಟೆಲ್ಲಿನ ಊಟದ ಮನೆಯಲ್ಲಿ ಬರೆಸಿ. ನನ್ನಂಥವರು ಇನ್ನೊಬ್ಬರನ್ನು ಕೇಳಿ ತಿಳಿದುಕೊಳ್ಳುವವರಲ್ಲ, ಒಬ್ಬರೇ ಇರುವಾಗ ಓದಿಕೊಳ್ಳುವವರು.

ಈಗ ಎಲ್ಲೋ ಒಂದು ಬಸ್ ನಿಲ್ದಾಣದಲ್ಲಿ ಬ್ಯಾಗಿನೊಳಗೆ ಊಟದ ಡಬ್ಬಿ ತೆರೆದು ಕೂತವರು ಇದನ್ನು ಮೊಬೈಲಿನಲ್ಲಿ ಓದುತ್ತಿದ್ದರೆ ಅವರಿಗೂ ಎರಡು ಮಾತು. ನೀವು ಸೋಮಾರಿಗಳಲ್ಲ. ನಾಳೆಯೇ ತರಗತಿಗೆ ಹೋಗಿ ಕೂರಬೇಕಾಗಿಲ್ಲ. ನಾಳೆ ಗೇಟು ದಾಟಿ ಒಳಗಿನ ನಲ್ಲಿಯಲ್ಲಿ ನೀರು ಕುಡಿದು ಬನ್ನಿ. ನಾಡಿದ್ದು ಗ್ರಂಥಾಲಯದಲ್ಲಿ ಹತ್ತು ನಿಮಿಷ ಕೂತು ಬನ್ನಿ. ನಾನು ಶುರು ಮಾಡಿದ್ದೂ ನಲ್ಲಿಯಿಂದಲೇ.

ಮಾನ್ಯ ಸಚಿವರೇ, ಆಯುಕ್ತರೇ, ಈ ಪತ್ರದ ಪ್ರತಿಗಳನ್ನು ತಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಸುಪ್ರೀಂ ಕೋರ್ಟಿನ ಮಾರ್ಗಸೂಚಿಗಳು ರಾಜ್ಯದ ಎಷ್ಟು ಕಾಲೇಜುಗಳಲ್ಲಿ ಜಾರಿಯಾಗಿವೆ ಎಂಬುದನ್ನು ಇಲಾಖೆ ಬಹಿರಂಗವಾಗಿ ತಿಳಿಸಬೇಕೆಂದು ವಿನಂತಿಸುತ್ತೇನೆ. ನಮ್ಮ ಪ್ರಾಂಶುಪಾಲರಿಗೆ ಕೊಡಬೇಕಾದ ಪ್ರತಿಯನ್ನು ಅಂಚೆಗೆ ಹಾಕಿಲ್ಲ. ನನ್ನ ಏಣಿಯಲ್ಲಿ ಅವರ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋಗುವುದಕ್ಕೆ 90 ಅಂಕ ಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಹೋಗಿ ಕೈಯಾರೆ ಕೊಡುತ್ತೇನೆ. ಆಗ ನನ್ನ ದನಿ ಬಾರದಿದ್ದರೆ, ದಯವಿಟ್ಟು ಸ್ವಲ್ಪ ಕಾಯಿರಿ ಸರ್.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಬಿ.ಎಸ್ಸಿ. ಆರನೇ ಸೆಮಿಸ್ಟರಿನ ವಿದ್ಯಾರ್ಥಿನಿ,
ಕ್ರಮಸಂಖ್ಯೆ 43